ತಟ್ಟೆಗೆ ಬಿದ್ದ ಪೆನ್ನಿ

ರೂಬೆನ್‌ನ ಊಟದಂಗಡಿಯ ಒಲೆಯ ಮುಂದೆ ನೆಲ್ವಾ ಡೈಕ್‌ಸ್ಟ್ರಾ ಹತ್ತೊಂಬತ್ತು ವರ್ಷ ನಿಂತಿದ್ದಳು. ಈಗ ರೂಬೆನ್ ಅಂಗಡಿ ಮಾರಲು ಹೊರಟಿದ್ದ. "ಮೊದಲು ನಿನ್ನನ್ನೇ ಕೇಳ್ತಿದೀನಿ. ಈ ತಿಂಗಳ ಕೊನೆವರೆಗೂ ಕಾಯ್ತೀನಿ, ಆಮೇಲೆ ಬಂದೋರಿಗೆ ಕೊಟ್ಬಿಡ್ತೀನಿ" ಅಂದಿದ್ದ. ಬ್ಯಾಂಕು ಸಾಲಕ್ಕೆ ಒಪ್ಪಿತ್ತು. ಆದರೆ ಮೊದಲು ಅವಳ ಕೈಯಿಂದ ಇಪ್ಪತ್ತು ಸಾವಿರ ಡಾಲರ್ ಬೀಳಬೇಕಿತ್ತು. ಅವಳ ಹತ್ತಿರ ಇದ್ದದ್ದು ಆರು ಸಾವಿರ.

ಹಾಗಂತ ಶನಿವಾರದ ಬೆಳಗನ್ನು ಅವಳು ಬಿಟ್ಟವಳಲ್ಲ. ಅಂದು ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಊರಿನ ನಾಣ್ಯ ಸಂಘದವರು ಕೂಡುತ್ತಾರೆ. ಬ್ಯಾಂಕಿನಿಂದ ಒಂದು ಪೆಟ್ಟಿಗೆ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಬರುತ್ತದೆ: ಐವತ್ತು ಕಾಗದದ ರೋಲು, ರೋಲಿಗೆ ಐವತ್ತು ಪೆನ್ನಿ. ಅರ್ಧ ಡಾಲರ್ ಕೊಟ್ಟು ರೋಲು ಕೊಳ್ಳುವುದು, ಬಿಚ್ಚುವುದು, ಭೂತಗನ್ನಡಿ ಹಿಡಿದು ಅಚ್ಚಿನಲ್ಲೇ ತಪ್ಪಾದ ನಾಣ್ಯ ಹುಡುಕುವುದು. ಬೇಡವಾದದ್ದನ್ನು ಮೇಜಿನ ನಡುವಿನ ತಗಡಿನ ತಟ್ಟೆಗೆ ಹಾಕುವುದು. ತಟ್ಟೆಗೆ ಬಿದ್ದದ್ದು ಯಾರದೂ ಅಲ್ಲ. ಬದಲಿಗೆ ಒಂದು ಪೆನ್ನಿ ಹಾಕಿ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಈ ನಿಯಮ ಬರೆದವನು ಸಂಘದ ಅಧ್ಯಕ್ಷ ವೆಂಡೆಲ್ ಕ್ರೋಗ್.

ವೆಂಡೆಲ್ ಮೂವತ್ತು ವರ್ಷ ಮೆಕ್ಕೆಜೋಳದ ಲಾರಿ ತೂಗಿದವನು. ಅವನು ಹೇಳಿದ ತೂಕವೇ ತೂಕ. ಆ ಅಭ್ಯಾಸ ಪೆನ್ನಿಗೂ ಬಂದಿತ್ತು.

"ಅರವತ್ತೊಂಬತ್ತನೇ ಇಸವಿದು. ಅಕ್ಷರ ಎಲ್ಲಾ ಎರಡೆರಡು. ಯಂತ್ರದ ನಡುಕ, ಮತ್ತೇನೂ ಅಲ್ಲ" ಎಂದು ಅವನು ಒಂದು ಪೆನ್ನಿಯನ್ನು ತಟ್ಟೆಗೆ ಚಿಮ್ಮಿದ. ಭೂತಗನ್ನಡಿ ಅವನ ಅಂಗಿಯ ಜೇಬಿನಲ್ಲೇ ಇತ್ತು.

ಅವನದೇನೂ ಪೂರ್ತಿ ತಪ್ಪಲ್ಲ. ಆ ವರ್ಷದ ಪೆನ್ನಿಗಳಲ್ಲಿ ಒತ್ತುವಾಗ ಯಂತ್ರ ನಡುಗಿ ಅಕ್ಷರ ಕದಡಿದವು ಹೇರಳ. ಅವಕ್ಕೆ ಬೆಲೆ ಒಂದೇ ಪೆನ್ನಿ. ಒತ್ತುವ ಅಚ್ಚಿನಲ್ಲೇ ಅಕ್ಷರ ಎರಡೆರಡು ಸಲ ಮೂಡಿ ಜೋಡಿಯಾಗಿ ಹುಟ್ಟಿದವು ಮಾತ್ರ ಬೆರಳೆಣಿಕೆಯವು, ಅವಕ್ಕೆ ಸಾವಿರಗಟ್ಟಲೆ ಡಾಲರ್ ಬೆಲೆ. ಎರಡನ್ನೂ ಬೇರೆ ಮಾಡುವುದು ಇಸವಿಯ ಕೆಳಗೆ ಟಂಕಸಾಲೆಯ ಗುರುತಾಗಿ ಇರುವ ಎಸ್ ಎಂಬ ಒಂದು ಸಣ್ಣ ಅಕ್ಷರ. ಯಂತ್ರ ನಡುಗಿದರೆ ಅದೂ ನಡುಗುತ್ತದೆ. ಜೋಡಿ ಅಚ್ಚಿನಲ್ಲಾದರೆ ಉಳಿದದ್ದೆಲ್ಲ ಎರಡೆರಡಾಗಿ ಎಸ್ ಒಂದೇ ಇರುತ್ತದೆ. ಅದನ್ನು ಅಚ್ಚಿಗೆ ಆಮೇಲೆ ಕೈಯಿಂದ ಕೊರೆದಿರುತ್ತಾರಲ್ಲ.

ನೆಲ್ವಾ ತಟ್ಟೆಯಿಂದ ಪೆನ್ನಿಯನ್ನು ಅಂಚು ಹಿಡಿದು ಎತ್ತಿದಳು. ಗಾಜಿನಡಿ ಇಸವಿ ಎರಡು, ಅಕ್ಷರಗಳು ಎರಡು, ಅಂಚುಗಳು ಕತ್ತರಿಸಿಟ್ಟ ಹಾಗೆ ಸ್ಪಷ್ಟ. ಎಸ್ ಒಂದೇ. ಇನ್ನೊಮ್ಮೆ ನೋಡಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಹಿಟ್ಟು ಹದವಾಗಿದೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡುವವಳು ಅವಳಲ್ಲ.

ಅಂಗಡಿ ಅವಳ ಎರಡು ಬೆರಳ ನಡುವೆ ಇತ್ತು. ಒಂದು ಪೆನ್ನಿ ತಟ್ಟೆಗೆ ಹಾಕಿ ಇದನ್ನು ಕಿಸೆಗೆ ಇಳಿಸಿದರೆ ಕೇಳುವವರಿಲ್ಲ. ಆದರೆ ಊರಲ್ಲಿರುವುದೇ ಎರಡು ಸಾವಿರ ಜನ. ನಾಳೆ ಅವಳ ಅಂಗಡಿಯಲ್ಲಿ ಉಣ್ಣಬೇಕಾದವರೂ ಅವರೇ. ವೆಂಡೆಲ್‌ನ ಕಣ್ತಪ್ಪಿಸಿ ತಂದ ದುಡ್ಡಿನ ಅಂಗಡಿ ಅಂತ ಮಾತು ಹುಟ್ಟಿದರೆ ಅವಳು ಮಾಡಿದ ಮಾಂಸದ ಸಾರಿಗೆ ಯಾರೂ ಚಮಚ ಅದ್ದುವುದಿಲ್ಲ.

ಅವಳು ಪೆನ್ನಿಯನ್ನು ವೆಂಡೆಲ್‌ನ ಮುಂದಿದ್ದ ಬಟ್ಟೆಯ ಮೇಲಿಟ್ಟಳು. "ಗಾಜು ಹಾಕ್ಕೊಂಡು ನೋಡು ವೆಂಡೆಲ್."

"ನೋಡಿ ಆಯ್ತಲ್ಲ" ಎಂದು ಅವನು ಅದನ್ನು ಮತ್ತೆ ತಟ್ಟೆಗೆ ಹಾಕಿದ.

ನೆಲ್ವಾ ಮತ್ತೆ ತೆಗೆದು ಇಟ್ಟಳು. "ಬರೀಗಣ್ಣಲ್ಲಿ ನೋಡಿದ್ದು ನೀನು. ಎಸ್ ಕಡೆ ನೋಡು."

"ಅಲ್ಲಮ್ಮಾ, ನಲವತ್ತು ವರ್ಷದಿಂದ ಪೆನ್ನಿ ನೋಡ್ತಿರೋನಿಗೆ ನೀನು ಎಸ್ ತೋರಿಸ್ತೀಯಾ? ನೀನು ಸೌಟು ಹಿಡಿಯೋದು ಕಲಿಯೋ ಹೊತ್ತಿಗೆ ನಾನು ಸಂಘ ಕಟ್ಟಿದ್ದೆ!" ಪೆನ್ನಿ ಟಣ್ ಎಂದು ತಟ್ಟೆಗೆ ಬಿತ್ತು. ಎದುರು ಕೂತಿದ್ದ ಮಾರ್ಲಿಸ್ ಕಿಸಕ್ಕೆಂದು ನಕ್ಕಳು. ಅವಳು ಊರಿನ ಅಂಚೆಕಚೇರಿಯಿಂದ ನಿವೃತ್ತಳಾದವಳು, ಎಲ್ಲರ ಸುದ್ದಿಯೂ ಅವಳ ಬಾಯಲ್ಲಿ. ನೆಲ್ವಾಳಿಗೆ ಬೇಕಾಗಿದ್ದ ಸಾಕ್ಷಿ ಅವಳೇ.

"ಮಾರ್ಲಿಸ್, ನೋಡ್ತಾ ಇರು. ಮೂರನೇ ಸಲ ಕೊಡ್ತಿದೀನಿ" ಎಂದು ನೆಲ್ವಾ ಪೆನ್ನಿಯನ್ನು ಅವನ ಕೈಯಳತೆಗೆ ಇಟ್ಟಳು. "ವೆಂಡೆಲ್, ಇದು ನಿನ್ನ ರೋಲಿಂದು. ಬೇಕಾ, ಬೇಡ್ವಾ?"

"ಬೇಡ, ಬೇಡ! ತಗೊಂಡು ಹೋಗಿ ಅದಕ್ಕೊಂದು ಚಿನ್ನದ ಚೌಕಟ್ಟು ಹಾಕ್ಸು" ಎಂದು ಅವನೇ ಅದನ್ನು ತಟ್ಟೆಗೆ ತಳ್ಳಿದ.

ನೆಲ್ವಾ ತನ್ನ ಪೆನ್ನಿಯೊಂದನ್ನು ಎಲ್ಲರಿಗೂ ಕಾಣುವಂತೆ ತಟ್ಟೆಗೆ ಹಾಕಿ ಆ ಪೆನ್ನಿಯನ್ನು ಎತ್ತಿಕೊಂಡಳು. "ಈಗ ಇದು ನಂದು. ಈಗಲಾದ್ರೂ ನೋಡು. ನಿನ್ನಷ್ಟು ತಿಳಿದೋನು ಈ ಊರಲ್ಲಿ ಇನ್ನೊಬ್ಬ ಇಲ್ಲ, ಅದಕ್ಕೇ ಕೇಳ್ತಿರೋದು."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ವೆಂಡೆಲ್ ಗೊಣಗುತ್ತ ಭೂತಗನ್ನಡಿ ತೆಗೆದ. ನೋಡಿದ. ದೀಪದ ಹತ್ತಿರಕ್ಕೆ ಒಯ್ದು ನೋಡಿದ. ಅವನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಕುತ್ತಿಗೆ. ಪೆನ್ನಿ ಅವನ ಬೆರಳಲ್ಲೇ ಬಹಳ ಹೊತ್ತು ನಿಂತಿತು.

"ಒಂದೇ ಇದೆ" ಅಂದ ಕೊನೆಗೆ. "ಎಸ್ ಒಂದೇ ಇದೆ ಕಣ್ರಯ್ಯಾ."

"ಅಯ್ಯೋ ದೇವರೇ! ಎಷ್ಟು ಬರುತ್ತೆ?" ಎಂದಳು ಮಾರ್ಲಿಸ್.

"ಅಸಲಿ ಅಂತ ಪರೀಕ್ಷೆಯವರ ಮುದ್ರೆ ಬಿದ್ರೆ ಇಪ್ಪತ್ತೈದು ಸಾವಿರಕ್ಕೆ ಮೋಸ ಇಲ್ಲ."

"ನೆಲ್ವಾ, ಅವನಿಗೆ ಅರ್ಧನಾದ್ರೂ ಕೊಡೇ! ಅವನ ರೋಲು ಕಣೇ!"

ನೆಲ್ವಾ ವೆಂಡೆಲ್‌ನ ಮುಖ ನೋಡಿದಳು. ಅರ್ಧ ಕೊಟ್ಟರೆ ಅವನು ತೆಗೆದುಕೊಳ್ಳಬಹುದು. ಆದರೆ ಆಮೇಲೆ ಸಾಯುವವರೆಗೂ ಅವಳ ಕಣ್ಣು ತಪ್ಪಿಸಿ ನಡೆಯುತ್ತಾನೆ.

"ಮೂರು ಸಲ ಇಡೀದೇ ಕೊಟ್ಟೆ. ಇನ್ನು ಅರ್ಧ ಕೊಟ್ರೆ ಭಿಕ್ಷೆ ಹಾಕಿದ ಹಾಗಾಗುತ್ತೆ" ಅಂದಳು.

ವೆಂಡೆಲ್ ತಲೆ ಎತ್ತಿದ. "ಸರಿಯಾಗಿ ಹೇಳಿದ್ಲು. ನಿಯಮ ಬರ್ದೋನು ನಾನೇ. ಬಾಯಿ ಮುಚ್ಚು ಮಾರ್ಲಿಸ್."

"ಇದನ್ನ ನೀನೇ ಕವರಿಗೆ ಹಾಕ್ಕೊಡು. ನನ್ನ ಕೈಯಲ್ಲಿ ಬೆಣ್ಣೆ ಜಿಡ್ಡು" ಎಂದಳು ನೆಲ್ವಾ.

ಅವನು ಪೆನ್ನಿಯನ್ನು ರಟ್ಟಿನ ಕವರಿಗೆ ಕೂರಿಸಿದ, ಮೂಲೆಗಳಿಗೆ ಪಿನ್ ಹೊಡೆದ, ಮೇಲೆ ನೆಲ್ವಾಳ ಹೆಸರು ಬರೆದ. ಅವಳ ಕೈಗಿಟ್ಟು ತಟ್ಟೆಯನ್ನು ಪೂರ್ತಿ ತನ್ನ ಮುಂದೆ ಸುರಿದುಕೊಂಡ. ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಮೊದಲ ಪೆನ್ನಿ ಎತ್ತಿದ. ಒಬ್ಬೊಬ್ಬರಾಗಿ ಉಳಿದವರೂ ಕುರ್ಚಿ ಎಳೆದು ಅವನ ರಾಶಿಗೆ ಕೈ ಹಾಕಿದರು.

ನೆಲ್ವಾ ಕೋಟು ಹಾಕಿಕೊಂಡಳು. ಮುದ್ರೆ ಬಿದ್ದು ದುಡ್ಡು ಕೈಗೆ ಬರಲು ಕೆಲವು ವಾರ ಬೇಕು. ರೂಬೆನ್‌ನ ತಿಂಗಳ ಕೊನೆಯನ್ನು ಅಷ್ಟು ಮುಂದಕ್ಕೆ ತಳ್ಳಿಸಬೇಕು. ಗಂಟೆ ಹನ್ನೊಂದೂವರೆ. ಅಂಗಡಿಯಲ್ಲಿ ಗಿರಾಕಿಗಳು ತುಂಬುವ ಹೊತ್ತು. ಈಗ ಕೇಳಿದರೆ ಸಿಡುಕುತ್ತಾನೆ. ಎರಡು ಗಂಟೆಗೆ, ಅವನ ಹೊಟ್ಟೆ ತುಂಬಿದ ಮೇಲೆ ಕೇಳಿದರೆ ಒಪ್ಪುತ್ತಾನೆ. ಅಲ್ಲಿಯವರೆಗೆ ಒಲೆಯ ಮುಂದೆ ನಿಲ್ಲೋಣ ಎಂದು ಅವಳು ಮೆಟ್ಟಿಲಿಳಿದಳು.