ಕೆಂಪು ಚುಕ್ಕೆ

ಜೋಫ್ಕಾ ತೀರಿಕೊಂಡ ಗಂಡ ಲುಡ್ವಿಕ್‌ನ ಅಂಗಿಯ ಕೊರಳ ಗುಂಡಿ ಹಾಕಲು ಹೆಣಗುತ್ತಿದ್ದಳು. ಕಾಯಿಲೆಯಲ್ಲಿ ಕಡ್ಡಿಯಾಗಿದ್ದ ಕೊರಳು. ಆದರೂ ಗುಂಡಿ ಜಾರುತ್ತಿತ್ತು. ಕಿಟಕಿಯ ಬಳಿಯಿದ್ದ ನಾದಿನಿ ಪೆಪ್ಚಾ ತಟ್ಟನೆ ಪರದೆ ಬಿಟ್ಟಳು.

"ಅತ್ತಿಗೆ, ಆಲ್ಬಿನ್ ಬರ್ತಿದಾನೆ. ಸಂಘದ ಬಾವುಟಾನೂ ತರಿಸಿದಾನೆ. ಬಾಗಿಲು ಹಾಕ್ಲಾ?"

"ಬೇಡ, ಬರಲಿ."

"ಅಣ್ಣನ್ನ ಕಳ್ಳ ಅಂದ ಬಾಯದು!"

"ಅದಕ್ಕೇ ಬರಲಿ ಅಂದೆ."

ಆಲ್ಬಿನ್ ಈಗ ಮೀನುಗಾರರ ಸಂಘದ ಅಧ್ಯಕ್ಷ. ಟೋಪಿ ತೆಗೆದು ಒಳಬಂದ. ಲುಡ್ವಿಕ್‌ನ ಮುಖದ ಮೇಲೆ ಅವನ ಕಣ್ಣು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೋ ಜೋಫ್ಕಾ. ಲುಡ್ವಿಕ್‌ನಂಥ ಮೀನುಗಾರ ಈ ಕಣಿವೇಲೇ ಇರಲಿಲ್ಲ. ಸಮಾಧಿ ಹತ್ರ ಸಂಘದ ಪರವಾಗಿ ನಾಲ್ಕು ಮಾತಾಡ್ತೀನಿ, ಒಪ್ಪಿಗೆ ಕೊಡು."

"ಆಡು," ಎಂದಳು ಜೋಫ್ಕಾ. "ಗಟ್ಟಿಯಾಗಿ ಆಡು. ಹಿಂದೆ ನಿಂತೋರಿಗೂ ಕೇಳಬೇಕು."

*

ಲುಡ್ವಿಕ್ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ರಜೆ ಸಿಕ್ಕಿತೆಂದರೆ ಸೋಚಾ ನದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿರುತ್ತಿದ್ದ. ಹಿಡಿದ ಮೀನಿನ ಪಕ್ಕೆಯಲ್ಲಿ ಕೆಂಪು ಚುಕ್ಕೆ ಕಂಡರೆ ಅದು ಯಾರೋ ಹೊರಗಿನಿಂದ ತಂದು ಬಿಟ್ಟ ಕಂದು ಟ್ರೌಟ್. ದೊಡ್ಡ ತಲೆ, ಮೈತುಂಬ ಹಸಿರು ಬೂದು ಸುಳಿ, ಕೆಂಪಿನ ಸುಳಿವೇ ಇಲ್ಲವೆಂದರೆ ಮಾರ್ಬಲ್ ಟ್ರೌಟ್, ಈ ನದಿಯ ಮನೆಮಗಳು. ಸುಳಿಯ ನಡುವೆ ಕೆಂಪೂ ಇದ್ದರೆ ಎರಡರ ಬೆರಕೆ. ಬೆರಕೆಯನ್ನು ಹಿಡಿದು ತಿನ್ನಬಹುದು. ಮಾರ್ಬಲ್ ಮರಿಯಾದರೆ ನೀರಿಗೆ ಬಿಡಲೇಬೇಕು.

ಒಮ್ಮೆ ಗಾಳ ಹಾಕಲೇಬಾರದ ಕಾಲದಲ್ಲಿ, ಮೀನು ಮೊಟ್ಟೆಯಿಡುವಾಗ, ನದಿ ಕಾವಲುಗಾರನಾಗಿದ್ದ ಆಲ್ಬಿನ್ ತನ್ನ ಅತಿಥಿಗಳನ್ನು ಮೀನು ಹಿಡಿಯಲು ಗುಟ್ಟಾಗಿ ನೀರಿಗಿಳಿಸಿದ್ದ. ಲುಡ್ವಿಕ್ ಅವರೆದುರೇ ಅವನಿಗೆ ಉಗಿದು, ಎಲ್ಲರನ್ನೂ ದಡ ಹತ್ತಿಸಿದ. ಆಲ್ಬಿನ್ ಅದನ್ನು ಮರೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಇವರ ಅಡುಗೆಮನೆಗೇ ನುಗ್ಗಿ, ಲುಡ್ವಿಕ್ ತಂದಿದ್ದ ಬೆರಕೆ ಮೀನನ್ನು ಎತ್ತಿಕೊಂಡು ಹೋದ. ಅದರ ಪಕ್ಕೆಯ ಕೆಂಪನ್ನು ಜೋಫ್ಕಾ ಕಣ್ಣಾರೆ ಕಂಡಿದ್ದಳು.

ಸತ್ತ ಟ್ರೌಟಿನ ಬಣ್ಣ ನಿಲ್ಲುವುದಿಲ್ಲ. ಆಲ್ಬಿನ್ ಕಾದ. ಮೀನು ಬೂದಿಯ ಬಣ್ಣಕ್ಕೆ ತಿರುಗಿದ ಮೇಲೆ ಸಂಘದ ಸಭೆಯ ಮೇಜಿನ ಮೇಲೆ ಇಟ್ಟ.

"ಎಲ್ಲಪ್ಪಾ ನಿನ್ನ ಕೆಂಪು?"

"ಹಿಡಿದ ದಿನ ಇತ್ತು. ನೀನೂ ನೋಡಿದ್ದೆ."

"ನಾನು ನೋಡಿದ್ದು ಮಾರ್ಬಲ್ ಮರೀನ. ಅದನ್ನ ಕೊಂದ ಕಳ್ಳನ್ನೂ ನೋಡ್ತಿದೀನಿ."

ಜೋಫ್ಕಾ ಎದ್ದು ಸಾಕ್ಷಿ ಹೇಳಿದಳು. ಗಂಡಸರು ನಕ್ಕರು. "ಗಂಡನ ಪರ ಅಲ್ದೆ ಇನ್ಯಾರ ಪರ ಹೇಳ್ತಾಳೆ!" ಎಂದ ಫ್ಲೋರ್ಯಾನ್, ಸಂಘದ ಬಾವುಟ ಹೊರುವವನು.

ಮೀನು ಹಿಡಿಯುವ ಪರವಾನಗಿ ಹೋಯಿತು. ಲುಡ್ವಿಕ್ ಮತ್ತೆ ಗಾಳ ಮುಟ್ಟಲಿಲ್ಲ. ಸಂಜೆ ಸೇತುವೆಯ ಮೇಲೆ ನಿಂತು ನೀರು ನೋಡಿ ಬರುತ್ತಿದ್ದ. ಬೇರೆ ಊರಿಗೆ ಹೋಗೋಣವೆಂದರೆ, "ಕಳ್ಳ ಓಡಿಹೋದ ಅಂತಾರೆ" ಎನ್ನುತ್ತಿದ್ದ. ಅವನು ಹಲ್ಲು ಕಚ್ಚಿಕೊಂಡು ಬದುಕಿದ. ಅವಳು ಹಲ್ಲು ಮಸೆಯುತ್ತ ಬದುಕಿದಳು.

*

ಶವಪೆಟ್ಟಿಗೆ ಗುಂಡಿಗಿಳಿಯಿತು. ಆಲ್ಬಿನ್ ಗಂಟಲು ಸರಿಮಾಡಿಕೊಂಡ.

"ನಮ್ಮ ಲುಡ್ವಿಕ್ ನದಿಯ ಮಗ. ಎಂದೋ ಒಂದು ಸಣ್ಣ ತಪ್ಪು ತಿಳಿವಳಿಕೆ ಬಂದಿತ್ತು, ಆದರೆ..."

"ಆ ಮೀನಿನ ಮೈಮೇಲೆ ಕೆಂಪು ಚುಕ್ಕೆ ಇತ್ತೋ ಇಲ್ವೋ?"

ಊರು ಊರೇ ಜೋಫ್ಕಾಳ ಕಡೆ ತಿರುಗಿತು.

"ಸತ್ತೋರ ಮುಂದೆ ಈಗ್ಯಾಕೆ ಅದು..."

"ಬದುಕಿದ್ದೋರ ಮುಂದೆ ನೀನು ಹೇಳಲಿಲ್ಲವಲ್ಲ."

ಪಾದ್ರಿ ನೆಲ ನೋಡಿದರು. ಬಾವುಟದ ಕೋಲಿಗೆ ಆನಿಕೊಂಡಿದ್ದ ಮುದಿ ಫ್ಲೋರ್ಯಾನ್, "ಹೇಳಿಬಿಡೋ ಆಲ್ಬಿನ್" ಎಂದ.

"ಇತ್ತು."

"ಹಿಂದೆ ನಿಂತೋರಿಗೆ ಕೇಳಲಿಲ್ಲ. ಇನ್ನೊಂದ್ಸಲ ಹೇಳು."

"ಇತ್ತು! ಕೆಂಪು ಇತ್ತು. ಬೆರಕೆ ಮೀನೇ ಅದು. ಸಾಕಾ?"

ಕೊನೆಯ ವಿದಾಯಕ್ಕೆ ಒಬ್ಬರಾದ ಮೇಲೊಬ್ಬರು ತೀರ್ಥ ಚಿಮುಕಿಸುವುದು ಅಲ್ಲಿನ ವಾಡಿಕೆ. ಜೋಫ್ಕಾ ತೀರ್ಥದಲ್ಲಿ ಅದ್ದಿದ್ದ ರೆಂಬೆಯನ್ನು ತೆಗೆದುಕೊಂಡು ಗಂಡನ ಮೇಲೆ ಚಿಮುಕಿಸಿದಳು. ಪಕ್ಕದಲ್ಲೇ ಇದ್ದ ಆಲ್ಬಿನ್ ದೊಡ್ಡ ಉಸಿರು ಬಿಟ್ಟು, ಮುಂದಿನ ಸರದಿ ತನ್ನದೆಂದು ರೆಂಬೆಗೆ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು. ಆಮೇಲೆ ಅದರ ಮೇಲಿಂದಲೇ ರೆಂಬೆಯನ್ನು ದಾಟಿಸಿ ಪೆಪ್ಚಾಳಿಗೆ ಕೊಟ್ಟಳು. ಪೆಪ್ಚಾ ತೀರ್ಥ ಚಿಮುಕಿಸಿ, ಅವನನ್ನು ಬಿಟ್ಟು ಹಿಂದಿನವರಿಗೆ ಕೊಟ್ಟಳು. ಅವರೂ ಹಾಗೆಯೇ ಮಾಡಿದರು. ಫ್ಲೋರ್ಯಾನ್ ಬಾವುಟವನ್ನು ಸ್ಮಶಾನದ ಗೋಡೆಗೆ ಒರಗಿಸಿ, ಬರಿಗೈಯಲ್ಲಿ ಬಂದು ಸಾಲಿನ ಕೊನೆಗೆ ನಿಂತ. ಆಲ್ಬಿನ್‌ನ ಕೈ ಇನ್ನೂ ಗುಂಡಿಯ ಮೇಲೆ ಚಾಚಿಕೊಂಡೇ ಇತ್ತು.