ಐದನೇ ಮಹಡಿಗೆ ಲಿಫ್ಟು

ನೆಲಮಹಡಿಯ ಸೊನ್ನೆಯ ದೀಪ ಆರಿ ಒಂದರದು ಹೊತ್ತಿಕೊಳ್ಳುವ ನಡುವೆ ಗಳಿಗೆಯ ಮಟ್ಟಿಗೆ ಏನೂ ಇಲ್ಲ, ಬರೀ ಕಪ್ಪು ಗಾಜು, ಅದರಲ್ಲಿ ನನ್ನ ಮುಖ, ಪಕ್ಕದಲ್ಲಿ ಅತ್ತೆಯ ಮುಖ, ಹನ್ನೊಂದು ದಿನಗಳ ಮೇಲೆ ಇಬ್ಬರೂ ಇಷ್ಟು ಹತ್ತಿರ — ಲಿಫ್ಟಿನ ಹೊಸ ಹಗ್ಗದ ಎಣ್ಣೆ ವಾಸನೆ, ಮೋಟಾರಿನ ಸದ್ದು ಸರಿಯಾಗಿದೆ, ಅಲುಗಾಟವಿಲ್ಲ, ಸಾಕು ಸುಮ್ಮನಿರೇ, ಈಗಷ್ಟೇ ನೀನೇ ಪರೀಕ್ಷೆ ಮಾಡಿ ಸಹಿ ಹಾಕಿದ್ದೀಯ. ಲಿಫ್ಟಿಗೆ ನಾನು ಬೀಗ ಹಾಕಿಸಿದ ದಿನವೇ ಅತ್ತೆ ಮಾತು ಬಿಟ್ಟರು, ಮಂಡಿನೋವಿನವರು, ಐದು ಮಹಡಿ, ಮೂರನೆಯದರ ತಿರುವಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಹತ್ತುವವರಿಗೆ ಇಳಿಯುವವರಿಗೆ ಎಲ್ಲ ಹೇಳಿದರು, ನಮ್ಮ ಸೊಸೇನೇ ಕಣ್ರೀ, ಸರ್ಕಾರದೋಳು, ಮನೆಯವ್ರು ಅಂತಾನೂ ನೋಡ್ಲಿಲ್ಲ. ನನ್ನ ವಿದ್ಯುತ್ ತಪಾಸಣೆ ಇಲಾಖೆ ಏನು ಮಾಡುತ್ತದೆಂದು ಅವರಿಗೆ ಇವತ್ತಿಗೂ ತಿಳಿಯದು, ಯಾರು ಕೇಳಿದರೂ ಕರೆಂಟ್ ಆಫೀಸು ಅಂದುಬಿಡುತ್ತಾರೆ, ಕರೆಂಟ್ ಹೋದಾಗಲೆಲ್ಲ ಇಡೀ ಕಟ್ಟಡ ನಮ್ಮ ಬಾಗಿಲು ತಟ್ಟುತ್ತದೆ, ನಾನು ಕರೆಂಟ್ ಕೊಡುವವಳಲ್ಲ, ಅದು ಯಾರನ್ನೂ ಕೊಲ್ಲದ ಹಾಗೆ ನೋಡುವವಳು ಎಂದರೆ ಕೇಳುವವರಾರು. ನಾನಾದರೂ ಎಲ್ಲಿಂದ ಶುರು ಮಾಡಿ ಹೇಳಲಿ, ಆಸ್ಪತ್ರೆಯ ಜನರೇಟರು, ಸಿನಿಮಾ ಮಂದಿರದ ವೈರಿಂಗು, ವೈರ್‌ಮನ್‌ಗಳ ಪರೀಕ್ಷೆ, ಮಂತ್ರಿಗಳು ಬಂದರೆ ವೇದಿಕೆಯ ದೀಪ, ತಂತಿ ತುಳಿದು ಸತ್ತ ಹಸುವಿನ ಪಕ್ಕ ಕೂತು ವರದಿ ಬರೆಯುವುದು, ಒಡತಿ ಅದರ ಕಿವಿ ಸವರುತ್ತ ಕೂತಿದ್ದಳು, ಎಬ್ಬಿಸ್ತೀರಾ ಮೇಡಂ ಅಂತ ಕೇಳಿದ್ದಳು — ಇದೆಲ್ಲದರ ಮಧ್ಯೆ ಲಿಫ್ಟು, ಊರಿನ ಅಷ್ಟೂ ಲಿಫ್ಟು, ವರ್ಷಕ್ಕೊಮ್ಮೆ.

ಎರಡು. ಅತ್ತೆ ಕಂಬಿ ಹಿಡಿದಿದ್ದಾರೆ, ಬೆರಳ ಗೆಣ್ಣು ಬೆಳ್ಳಗಾಗಿದೆ. ಹತ್ತಿಬಟ್ಟೆಯನ್ನು ಉಕ್ಕಿನ ಹಗ್ಗಕ್ಕೆ ಸುತ್ತಿ ಹಿಡಿದು ಲಿಫ್ಟನ್ನು ಮೆಲ್ಲಗೆ ಓಡಿಸಬೇಕು, ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೀಗ ಹಾಕಿಸಿದ ಅವತ್ತು ಏಳು ಕಡೆ ಸಿಕ್ಕಿಕೊಂಡಿತು. ಲಿಫ್ಟಿನ ಮೆಕ್ಯಾನಿಕ್ಕು ನಕ್ಕ, ಗ್ರೀಸಿನ ಕಸ ಮೇಡಂ, ಇನ್ನೊಂದು ವರ್ಷ ಆರಾಮಾಗಿ ಬರುತ್ತೆ, ನಿವಾಸಿಗಳ ಸಂಘದ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರು, ನಮ್ಮ ಕಟ್ಟಡದವರೇ ಹೀಗೆ ಮಾಡಿದ್ರೆ ಹೇಗಮ್ಮಾ, ನಮ್ಮ ಆಫೀಸಿನ ಸಾಹೇಬರು ಫೋನಿನಲ್ಲಿ, ಬೀಗ ಹಾಕೋಕೆ ನಿಮಗೆ ನಿಮ್ಮನೆ ಲಿಫ್ಟೇ ಬೇಕಿತ್ತಾ. ಬೀಗ ಹಾಕಿ ಎಂದಷ್ಟೇ ಅಂದೆ, ಗಟ್ಟಿಯಾಗಿ. ಏಕೆಂದರೆ ಹೋದ ವರ್ಷ ಇದೇ ಲಿಫ್ಟಿಗೆ ನಾನು ಬಟ್ಟೆ ಹಿಡಿದಿರಲಿಲ್ಲ, ಯಾರಿಗೂ ಗೊತ್ತಿಲ್ಲ, ಅವತ್ತೇ ಆ ಹಸು, ಅವತ್ತೇ ಎರಡು ಸಿನಿಮಾ ಮಂದಿರ, ಬ್ರೇಕು ಹಿಡಿಯಿತು, ಗಂಟೆ ಬಾರಿಸಿತು, ನಮ್ಮನೆ ಲಿಫ್ಟು ತಾನೇ, ಸಹಿ. ಆ ಸಹಿಯ ಮೇಲೆ ಒಂದು ವರ್ಷ ನನ್ನ ಮಗಳು ದಿನಾ ಕುಣಿಯುತ್ತ ಶಾಲೆಗೆ ಇಳಿದಳು. ಹನ್ನೊಂದು ದಿನ ಎರಡನ್ನೂ ಬಯಸಿದೆ, ನನ್ನ ಬಟ್ಟೆ ಸುಳ್ಳು ಹೇಳಿರಲಿ ಅಂತ, ಹೇಳದಿರಲಿ ಅಂತ.

ಮೂರು, ಕುರ್ಚಿ ಇನ್ನೂ ಅಲ್ಲೇ ಇರಬೇಕು. ಇವತ್ತು ಮಧ್ಯಾಹ್ನ ಹಳೆಯ ಹಗ್ಗ ಕತ್ತರಿಸಿ ಕೆಳಗಿಳಿಸಿದರು, ಮೆಕ್ಯಾನಿಕ್ಕು ಒಂದು ತುಂಡನ್ನು ಮಂಡಿಗೆ ಒತ್ತಿ ಬಗ್ಗಿಸಿದ, ಅದು ಬಾಯಿಬಿಟ್ಟಿತು, ಒಳಗೆಲ್ಲ ಕೆಂಪು, ಎಳೆಗಳು ಒಂದರ ಹಿಂದೊಂದು ಸೆಟೆದು ನಿಂತವು, ತುಕ್ಕಿನ ಪುಡಿ ಅವನ ಪ್ಯಾಂಟಿನ ಮೇಲೆ ಉದುರಿತು. ಒಳಗೆ ಪೂರ್ತಿ ತುಕ್ಕು ತಿಂದ್ಬಿಟ್ಟಿದೆ ಮೇಡಂ, ಅಂದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಗೋಡೆ ಹಿಡಿದುಕೊಂಡು ಇಳಿದುಬಂದಿದ್ದ ಅತ್ತೆ ಬಗ್ಗಿ ಮುಟ್ಟಿ ನೋಡಿದರು, ಚುಚ್ಚಿತು. ಇದ್ರ ಮೇಲಾ ನಾವು ಓಡಾಡ್ತಿದ್ದಿದ್ದು? ಹೌದತ್ತೆ. ಆಗ ಮೆಟ್ಟಿಲ ಮೇಲೆ ಕೂತೆ, ಅಳು ಬರುತ್ತದೆಂದುಕೊಂಡರೆ ನಗು ಬಂತು, ಯಾರೂ ಬಿದ್ದಿಲ್ಲ, ಒಬ್ಬರೂ ಬಿದ್ದಿಲ್ಲ, ಎಷ್ಟು ದಿನಗಳ ಮೇಲೆ ಪೂರ್ತಿ ಉಸಿರು ಎಳೆದುಕೊಂಡೆ, ಈಗಲೂ ಎದೆ ಹಗುರ, ಹತ್ತಿಯ ಹಾಗೆ —

ನಾಲ್ಕು. ಹೇಳಬೇಕು, ಇವರಿಗಾದರೂ. ಅತ್ತೆ, ಹೋದ ವರ್ಷ ನಾನು ಸರಿಯಾಗಿ ನೋಡಿರ್ಲಿಲ್ಲ, ಹಾಗೇ ಸಹಿ ಹಾಕ್ಬಿಟ್ಟೆ. ಅಂದುಬಿಟ್ಟೆನೇ, ಬಾಯಿಂದಲೇ ಬಂತೇ. ಅತ್ತೆ ತಿರುಗಲಿಲ್ಲ, ಕಪ್ಪು ಗಾಜಿನಲ್ಲೇ ನನ್ನನ್ನು ನೋಡಿದರು. ಈ ವರ್ಷ ನೋಡ್ದೆಯಲ್ಲ. ನಾಳೆ ಎಷ್ಟು ಲಿಫ್ಟು ನೋಡ್ಬೇಕೇ? ಆರು, ಅತ್ತೆ. ಬಟ್ಟೆ ಸಾಕಾಗುತ್ತಾ? ನನ್ನ ಹಳೇ ದುಪಟಿ ಹರಿದು ಕೊಡ್ತೀನಿ, ಒಳ್ಳೇ ಹತ್ತಿ. ಐದು. ಬಾಗಿಲು ತೆರೆಯಿತು, ಕಂಬಿ ಬಿಟ್ಟು ಅತ್ತೆ ಹೊರಗೆ ಹೆಜ್ಜೆಯಿಟ್ಟರು, ಎದುರು ಮನೆಯಾಕೆಗೆ ಆಗಲೇ ಹೇಳುತ್ತಿದ್ದಾರೆ, ನಮ್ಮ ಸೊಸೆ ಕಂಡುಹಿಡೀದೆ ಇದ್ದಿದ್ರೆ ಏನಾಗ್ತಿತ್ತು ಹೇಳಿ, ಬಾರೇ ಒಳಗೆ, ಅಲ್ಲೇ ನಿಂತ್ಯಾಕೆ — ಬಂದೆ ಅತ್ತೆ, ಬಂದೆ, ನಾಳೆ ಆರು, ಹೋದ ವರ್ಷ ಆ ದಿನ ಇನ್ನೂ ಎಷ್ಟು ಲಿಫ್ಟಿಗೆ ಹಾಗೇ ಸಹಿ ಹಾಕಿದ್ದೆ, ಕಡತ ತೆಗೆಸಬೇಕು, ಮೊದಲು ಅವೇ — ಮಂಡಿಯ ಮೇಲೆ ಬಗ್ಗಿದ ಹಗ್ಗ, ಒಳಗಿನ ಕೆಂಪು, ಸೆಟೆದು ನಿಲ್ಲುವ ಎಳೆ, ಇನ್ನೊಂದು ಎಳೆ, ಇನ್ನೊಂದು