ಕೊಂಡಿ ಸ್ವಿಚ್

ಇಳಕಲ್ಲಿನ ಹೊಳಬಸಪ್ಪ ಸಾಹುಕಾರರ ಪವರ್‌ಲೂಮ್ ಶೆಡ್ಡಿನಲ್ಲಿ ಮೊದಲೆಲ್ಲ ಕೆಂಪು ಗುಂಡಿ ಒತ್ತಿದರೆ ಮಗ್ಗ ನಿಲ್ಲುತ್ತಿತ್ತು. ಗುಂಡಿಯಿಂದ ಮೋಟಾರಿಗೆ ನೇರ ವೈರು. ನಡುವೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪದ್ಮಶ್ರೀ ಕೆಲಸಕ್ಕೆ ಸೇರಿದ ಮೇಲೆ ಆ ವೈರು ಕಂಪ್ಯೂಟರಿನೊಳಗೆ ಹಾಯ್ದು ಹೋಗತೊಡಗಿತು.

ಅದು ಸಾಹುಕಾರರ ಆಸೆಯಾಗಿತ್ತು. "ದಾರ ಹರದು ನಿಂದರಸ್ತಾರೋ, ಹರಟಿ ಹೊಡ್ಯಾಕ ನಿಂದರಸ್ತಾರೋ, ನನಗ ಕುಂತಲ್ಲೇ ಗೊತ್ತಾಗಬೇಕವಾ" ಎಂದಿದ್ದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಬಹಳ ಕಾಲ ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದ ಪದ್ಮಶ್ರೀಗೆ ಇದು ಮೊದಲ ಕೆಲಸ. ಮಗ್ಗಗಳ ಸದ್ದಿನಲ್ಲಿ ಯಾರೂ ಅವಳನ್ನು ಮಾತಾಡಿಸಲಾಗದು ಎಂಬುದೇ ಅವಳಿಗೆ ಈ ಜಾಗದಲ್ಲಿ ಹಿಡಿಸಿದ್ದು.

ಮಾತಾಡಿಸಿದವಳು ಗುರುಸಿದ್ದವ್ವ ಒಬ್ಬಳೇ. ಕೊಂಡಿ ಹಾಕುವುದರಲ್ಲಿ ಆ ಶೆಡ್ಡಿಗೇ ಎತ್ತಿದ ಕೈ ಅವಳದು. ಇಳಕಲ್ ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಒಂದರೊಳಗೊಂದು ಕುಣಿಕೆ ಹಾಕಿ ಎರಡನ್ನೂ ಸೇರಿಸುವುದೇ ಕೊಂಡಿ. ಮಗ್ಗ ಕರೆಂಟಿನದಾದರೂ ಈ ಕೆಲಸ ಬೆರಳಿನದು.

ಒಂದು ದಿನ ಊಟದ ಬಿಡುವಿನಲ್ಲಿ ಅವಳು ರೊಟ್ಟಿ ಮುರಿಯುತ್ತ ಕೇಳಿದಳು: "ತಂಗಿ, ನಾ ಗುಂಡಿ ಒತ್ತಿದಾಗ ನಿನ್ನ ಕಂಪ್ಯೂಟರಿನ ಲಕ್ಷ ಬ್ಯಾರೆ ಕಡೆ ಇದ್ದರ ಏನ್ ಮಾಡೂದು?"

"ಒಳಗ ಕರ್ನೆಲ್ ಅಂತ ಒಬ್ಬಾವ ಅದಾನ್ರೀ ಅಕ್ಕಾರ. ನನ್ನ ಪ್ರೋಗ್ರಾಂ ಮಲಗಿದ್ರೂ ಅವ ಮಲಗಂಗಿಲ್ಲ. ನೀವು ಒತ್ತಿದ ಕೂಡಲೆ ಹಿಡದು, ಯಾವಾಗ ಒತ್ತೀರಿ ಅಂತ ಗುರ್ತು ಹಾಕಿ, ಸಾಲಿಗೆ ನಿಂದರಸ್ತಾನ. ನನ್ನ ಪ್ರೋಗ್ರಾಂ ಬಂದು ಕೇಳಿದಾಗ ಕೊಡ್ತಾನ."

"ಕೇಳದಿದ್ದರ?"

"ಇಟಗೊಂಡು ಕುಂದರ್ತಾನ."

"ನಮ್ಮತ್ತಿ ಇದ್ದಂಗ ಬಿಡು. ಎಲ್ಲಾ ನೋಡಿರ್ತಿದ್ದಳು, ಕೇಳಿದಾಗ ಅಷ್ಟ ಬಾಯಿ ಬಿಡ್ತಿದ್ದಳು." ಸುತ್ತ ಕೂತ ಹೆಂಗಸರು ನಕ್ಕರು. ಪದ್ಮಶ್ರೀಯೂ ನಕ್ಕಳು. ಒಮ್ಮೆ ಕೊಟ್ಟ ಮೇಲೆ ಕರ್ನೆಲ್ ತನ್ನ ಹತ್ತಿರ ಏನನ್ನೂ ಉಳಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ಅವಳು ಹೇಳಲಿಲ್ಲ. ರೊಟ್ಟಿ ತಿನ್ನುವಾಗ ಹೇಳುವಂಥದ್ದು ಅನ್ನಿಸಲಿಲ್ಲ.

ತೊಡಕು ಬಂದದ್ದು ಕೊಂಡಿಯಿಂದಲೇ. ಎಳೆ ಹರಿದರೆ ತಿಳಿಯಲೆಂದು ಒಂದೊಂದು ಎಳೆಗೂ ಒಂದು ತಗಡಿನ ಪಿನ್ನು ಜೋತುಬಿದ್ದಿರುತ್ತದೆ. ಹೊಸದಾಗಿ ಕೊಂಡಿ ಹಾಕಿದ ಎಳೆಗಳು ಸಡಿಲ. ಹರಿಯದಿದ್ದರೂ ಪಿನ್ನುಗಳು ಕೆಳಗಿಳಿಯುತ್ತಿದ್ದವು. ಎಳೆ ಹರಿಯಿತೆಂದು ಕರ್ನೆಲ್‌ಗೆ ಸುದ್ದಿ ಮುಟ್ಟುತ್ತಿತ್ತು, ಪ್ರೋಗ್ರಾಂ ಅದನ್ನು ಓದಿ ಮಗ್ಗ ನಿಲ್ಲಿಸುತ್ತಿತ್ತು. ಮತ್ತೆ ಚಾಲೂ, ಮತ್ತೆ ನಿಲುಗಡೆ.

"ಇದೇನವಾ, ಮಗ್ಗೋ ದಮ್ಮಿನ ಮುದುಕನೋ?" ಎಂದರು ಸಾಹುಕಾರರು.

ಪದ್ಮಶ್ರೀ ಒಂದು ಸ್ವಿಚ್ ಕೂಡಿಸಿದಳು. ಕೊಂಡಿ ಹಾಕುವಾಗ ಅದನ್ನು ಒತ್ತಿದರೆ ಪ್ರೋಗ್ರಾಂ ಕರ್ನೆಲ್‌ನ ಬಾಗಿಲಿಗೇ ಹೋಗುವುದಿಲ್ಲ. ಮಗ್ಗ ಮೆಲ್ಲಗೆ ಓಡುತ್ತದೆ, ಹೆಂಗಸರು ಬೆರಳಿನಿಂದ ಕುಣಿಕೆಗಳನ್ನು ಒಳಗೆ ತಳ್ಳುತ್ತಾರೆ. ಕೊಂಡಿ ಬಿಗಿಯಾದ ಮೇಲೆ ಸ್ವಿಚ್ ತೆಗೆದರೆ, ಅಲ್ಲಿಯವರೆಗೆ ಸಾಲಿನಲ್ಲಿ ನಿಂತದ್ದನ್ನೆಲ್ಲ ಪ್ರೋಗ್ರಾಂ ಒಟ್ಟಿಗೆ ಎತ್ತಿ ಚೆಲ್ಲಿಬಿಡುತ್ತದೆ.

ಕೆಂಪು ಗುಂಡಿಯ ಸುದ್ದಿಯೂ ಬರುತ್ತಿದ್ದದ್ದು ಅದೇ ಸಾಲಿಗೆ.

ಪದ್ಮಶ್ರೀಗೆ ಅದು ಗೊತ್ತಿತ್ತು. ಒಮ್ಮೆ ಹೇಳಿಯೂ ನೋಡಿದಳು: "ಸಾವಕಾರ್ರ, ಗುಂಡಿ ವೈರು ಮೊದಲಿನಂಗ ನೇರ ಹಾಕೂಣ್ರಿ."

"ಮೊದಲಿನಂಗ ಮಾಡಾಕ ನೀ ಯಾಕ ಬೇಕಿದ್ದೀ?"

ಒಂದು ಮಾತನ್ನು ಎರಡನೇ ಸಲ ಆಡದಿರುವುದನ್ನು ಅವಳು ಬಹಳ ದಿನಗಳಿಂದ ತನ್ನ ಮರ್ಯಾದೆ ಎಂದು ತಿಳಿದುಕೊಂಡಿದ್ದಳು.

ಗುರುಸಿದ್ದವ್ವನ ಹಸಿರು ಬಳೆ ಎಳೆಗಳಿಗೆ ಸಿಕ್ಕಿಕೊಂಡದ್ದು ಒಂದು ಮಧ್ಯಾಹ್ನ. ಕೊಂಡಿ ಸ್ವಿಚ್ ಒತ್ತಿಯೇ ಇತ್ತು. ಬಲಗೈ ಒಳಗೆ, ಎಡಗೈ ಗುಂಡಿಯ ಮೇಲೆ. ನೂಲು ಒತ್ತುವ ಮಗ್ಗದ ಹಲಗೆ ಮುಂದೆ ಬಂದು ಬಡಿಯಿತು, ಹಿಂದೆ ಸರಿಯಿತು, ಮತ್ತೆ ಬಂದು ಬಡಿಯಿತು. ನೂಲನ್ನು ಬಡಿಯುವುದಕ್ಕೂ ಬೆರಳನ್ನು ಬಡಿಯುವುದಕ್ಕೂ ಮಗ್ಗಕ್ಕೆ ಭೇದವಿರಲಿಲ್ಲ. ಚೀರಾಟ ಕೇಳಿ ಮೆಕ್ಯಾನಿಕ್ ಫಾರೂಕ ಶೆಡ್ಡಿನ ಆ ತುದಿಯಿಂದ ಓಡಿಬಂದು ಮೇನ್ ಎಳೆದ. ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಆ ಶೆಡ್ಡಿನಲ್ಲಿ ಪದ್ಮಶ್ರೀ ಮೊದಲ ಸಲ ಕೇಳಿದ ನಿಶ್ಶಬ್ದ ಅದು.

ಬಾಗಲಕೋಟೆಯ ದವಾಖಾನೆಯಲ್ಲಿ ನಾಲ್ಕು ಬೆರಳು ತೆಗೆದರು.

ಮರುದಿನ ಬೆಳಗ್ಗೆ ಗುರುಸಿದ್ದವ್ವನ ಮಗಳು ಸುನಂದಾ ಓಣಿಯ ಹಿರಿಯರನ್ನು ಕರೆದುಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಗುಂಡಿ ಒತ್ತಿದ್ದರ ಮಗ್ಗ ನಿಂದರ್ತಿತ್ತು. ಒತ್ತಿಲ್ಲ, ನಿಂತಿಲ್ಲ. ಇದರಾಗ ನಂದೇನೈತಿ?" ಎಂದರು ಸಾಹುಕಾರರು.

"ನಾ ಬಂದಾಗ ಅಕ್ಕಾರ ಎಡಗೈ ಗುಂಡಿ ಮ್ಯಾಲ ಇತ್ರಿ" ಎಂದ ಫಾರೂಕ.

"ಆಸರಕ್ಕ ಹಿಡಕೊಂಡಿರಬೇಕು."

ಸುನಂದಾ ಪದ್ಮಶ್ರೀಯ ಕಡೆ ತಿರುಗಿದಳು. "ಅವ್ವ ಒತ್ತೇನಿ ಅಂತಾಳ. ಒತ್ತಿದ್ದೆಲ್ಲಾ ಒಳಗ ಇರ್ತೈತಿ, ಪದ್ಮಕ್ಕನ ಕೇಳ್ರಿ ಅಂತ ಹೇಳಿ ಕಳಿಸ್ಯಾಳ."

"ಆಗಲೇಳು. ಮಷೀನ್ ಸುಳ್ಳ ಹೇಳಂಗಿಲ್ಲ" ಎಂದ ಸಾಹುಕಾರರು ಪದ್ಮಶ್ರೀಯನ್ನು ಕಂಪ್ಯೂಟರಿದ್ದ ಗಾಜಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ದನಿ ಏರಿಸಲಿಲ್ಲ. "ನೋಡವಾ, ಅಕಿ ಒತ್ತಿದ್ದು ಖರೆ ಆದರ ಅಕಿ ಕೈ ತಿಂದದ್ದು ನಿನ್ನ ಪ್ರೋಗ್ರಾಂ. ಒತ್ತಿಲ್ಲಂದ್ರ ಅದು ಅಕಿ ಹಣೇಬರ. ನಾ ಏನೂ ಹೇಳಾಂವಲ್ಲ. ನೀ ನೋಡು, ನೀನ ಹೇಳು." ಹೊರಗೆ ಹೋಗಿ ಹಿರಿಯರಿಗೆ ಚಹಾ ಹೇಳಿದರು.

ಮೇನ್ ಹೋಗಿದ್ದರೂ ಕಂಪ್ಯೂಟರು ಬ್ಯಾಟರಿಯ ಮೇಲೆ ಉಳಿದಿತ್ತು. ಕೊಂಡಿ ಸ್ವಿಚ್ಚನ್ನು ಯಾರೂ ತೆಗೆದಿರಲಿಲ್ಲ. ಗಾಜಿನಾಚೆ ಅದರ ಮೇಲೆ ಒಣಗಿದ ರಕ್ತದ ಕಲೆ. ಅಂದರೆ ಸಾಲು ಹಾಗೇ ನಿಂತಿತ್ತು, ಕೇಳುವವರಿಗಾಗಿ ಕಾಯುತ್ತ. ಆ ಸಾಲಿಗೂ ಒಂದು ಮಿತಿ ಉಂಟು. ತುಂಬಿದರೆ ಹಳೆಯದು ಬಿದ್ದುಹೋಗುತ್ತದೆ. ಬಿದ್ದುಹೋಗಿರಲಿ ಎಂದು ಅವಳ ಮನಸ್ಸು ಬೇಡಿಕೊಂಡಿತು.

ಪರೀಕ್ಷೆಗೆಂದು ತಾನೇ ಬರೆದಿಟ್ಟಿದ್ದ ಆಜ್ಞೆಯನ್ನು ಕೊಟ್ಟಳು. ಕರ್ನೆಲ್ ಒಂದೊಂದಾಗಿ ಕೈಗಿತ್ತಿತು. ಎಳೆ ಹರಿಯಿತು. ಎಳೆ ಹರಿಯಿತು. ಎಳೆ ಹರಿಯಿತು. ಆಮೇಲೆ ಕೆಂಪು ಗುಂಡಿ.

ಮತ್ತೆ ಕೆಂಪು ಗುಂಡಿ. ಮೊದಲ ಎರಡರ ನಡುವೆ ಒಂದು ಉಸಿರಿನಷ್ಟು ಅಂತರವಿತ್ತು, ನಿಲ್ಲುತ್ತದೆ ಎಂದು ನಂಬಿ ಕಾದವರ ಅಂತರ. ನಂತರದವುಗಳ ನಡುವೆ ಉಸಿರಿಗೂ ಜಾಗವಿರಲಿಲ್ಲ. ಕೊನೆಯ ಸಲ ಒತ್ತಿದ್ದು ಬಹಳ ಹೊತ್ತು ಒತ್ತಿಯೇ ಇತ್ತು. ಆಮೇಲೆ, ಗುಂಡಿ ಬಿಟ್ಟದ್ದು. ಆಮೇಲೆ ಏನೂ ಇಲ್ಲ.

ಈಗ ಕರ್ನೆಲ್‌ನ ಕೈ ಖಾಲಿ. ಗುರುಸಿದ್ದವ್ವ ಗುಂಡಿ ಒತ್ತಿದ್ದು ಈ ಪರದೆಯ ಮೇಲೆ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಪದ್ಮಶ್ರೀ ಅದನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓದಿದಳು. ಓದಿ, ಎಲ್ಲೂ ಉಳಿಸಿಡದೆ ಮುಚ್ಚಿದಳು.

ಹೊರಗೆ ಬಂದಾಗ ಹಿರಿಯರು ಚಹಾ ಕುಡಿಯುತ್ತಿದ್ದರು. ಸುನಂದಾ ಲೋಟ ಮುಟ್ಟಿರಲಿಲ್ಲ.

"ದಾರ ಹರಿದದ್ದು ಅಷ್ಟ ಬಂದೈತಿ. ಗುಂಡಿ ಬಂದಿಲ್ಲ" ಎಂದಳು ಪದ್ಮಶ್ರೀ. ಎರಡನೇ ಸಲ ಹೇಳಬೇಕಾಗಲಿಲ್ಲ.

ವಾರ ಕಳೆದ ಮೇಲೆ ಸಾಹುಕಾರರು ಹಣ್ಣಿನ ಚೀಲ ಕೊಟ್ಟು ಅವಳನ್ನೇ ದವಾಖಾನೆಗೆ ಕಳಿಸಿದರು. ಸುನಂದಾ ಅವಳ ಮುಖ ನೋಡದೆ ಎದ್ದು ಹೊರಗೆ ಹೋದಳು.

"ಅಕಿ ಮಾರಿ ಮ್ಯಾಲ ಹೋಗಬ್ಯಾಡವ್ವಾ, ಸಣ್ಣಾಕಿ" ಎಂದಳು ಗುರುಸಿದ್ದವ್ವ. ಬಲಗೈ ಬಟ್ಟೆಯ ಗಂಟಾಗಿ ಎದೆಯ ಮೇಲಿತ್ತು. "ಪದ್ಮವ್ವ ಸುಳ್ಳ ಹೇಳಾಕಿ ಅಲ್ಲ ಅಂತ ಬೈದೇನಿ ಅಕಿಗೆ. ನಾನ ಒತ್ತಿಲ್ಲ ಕಾಣ್ತೈತಿ. ಒತ್ತಿದಂಗ ಅನಿಸಿತ್ತು ನೋಡು, ಭಾಳ ಸಲ ಒತ್ತಿದಂಗ... ಜೀವ ಗಾಬರಿ ಆದಾಗ ಏನೇನೋ ಅನಸ್ತೈತಿ."

ಪದ್ಮಶ್ರೀ ಹಣ್ಣನ್ನು ಚೀಲದಿಂದ ತೆಗೆದು ಸ್ಟೂಲಿನ ಮೇಲೆ ಜೋಡಿಸಿದಳು.

ಗುರುಸಿದ್ದವ್ವ ಎಡಗೈ ಚಾಚಿ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಹೆಬ್ಬೆರಳು ಊರಿದಳು. "ಖರೆ ಹೇಳು ತಂಗಿ. ಇಷ್ಟ ಒತ್ತಿದ್ದರ ಅದಕ್ಕ ತಿಳೀತಿತ್ತೇನು?"

ಪದ್ಮಶ್ರೀ ಆ ಹೆಬ್ಬೆರಳನ್ನು ನೋಡಿದಳು. ಉಗುರು ಬೆಳ್ಳಗಾಗುವಷ್ಟು ಒತ್ತಿದ್ದಳು.

"ಇನ್ನೊಂದೀಟು ಜೋರ ಒತ್ತಬೇಕಿತ್ರೀ ಅಕ್ಕಾರ."

ಗುರುಸಿದ್ದವ್ವ ಹೌದೆಂದು ತಲೆಯಾಡಿಸಿ, ಇನ್ನೊಂದಿಷ್ಟು ಜೋರಾಗಿ ಒತ್ತಿ ನೋಡಿದಳು.